ಮಲಗುವ ಮುನ್ನ ಓದೋಕೆ ಮೊದಲು ‘ಕರ್ವಾಲೊ’

ದಿನವಿಡೀ ದುಡಿದು ದಣಿದ ಮೇಲೆ, ಮಲಗುವ ಮುನ್ನ ಅರ್ಧ ಗಂಟೆ ಓದೋಕೆ ಕಣ್ಣೀರು ಹಾಕಿಸದ, ತಲೆ ತಿನ್ನದ ಕಾದಂಬರಿ ಬೇಕು ಅಂದಿದ್ದೀರಿ. ಕಣ್ಣು ಮುಚ್ಚಿಕೊಂಡು ತೇಜಸ್ವಿಯವರ ‘ಕರ್ವಾಲೊ’ ತಗೊಳ್ಳಿ. 1980ರ ಪುಸ್ತಕ, ಇವತ್ತಿಗೂ ನೀರು ಕುಡಿದಷ್ಟು ಸಲೀಸಾಗಿ ಓದಿಸಿಕೊಂಡು ಹೋಗುತ್ತೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗುವ ತಂಡ ಎಂಥದ್ದು ಅಂತೀರಿ! ವಿಜ್ಞಾನಿ ಕರ್ವಾಲೊ, ಜೇನಿನ ಹುಚ್ಚಿನ ಮಂದಣ್ಣ, ಬಿರಿಯಾನಿ ಕರಿಯಪ್ಪ, ಜೊತೆಗೆ ಕಿವಿ ಅನ್ನೋ ನಾಯಿ. ಊರವರು ಕೆಲಸಕ್ಕೆ ಬಾರದವನು ಅಂದುಕೊಂಡ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಹುಟ್ಟು ವಿಜ್ಞಾನಿಯನ್ನು ಕಾಣ್ತಾರಲ್ಲ, ನನಗೆ ಆ ಭಾಗ ಬಹಳ ಇಷ್ಟ. ಕೊನೆಯ ಪುಟಗಳನ್ನು ಮಾತ್ರ ದಯವಿಟ್ಟು ಮೊದಲೇ ತಿರುವಿ ನೋಡಬೇಡಿ.

ಅದು ಹಿಡಿಸಿದರೆ ಅವರದೇ ‘ಜುಗಾರಿ ಕ್ರಾಸ್’ ಇದೆ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿಯ ಒಂದೇ ದಿನದ ಕಥೆ. ಇದನ್ನು ರಾತ್ರಿ ಶುರು ಮಾಡಬೇಡಿ, ಕೆಳಗಿಡೋಕೆ ಆಗಲ್ಲ. ರಜೆಗೆ ಇಟ್ಟುಕೊಳ್ಳಿ.

ಇಂಗ್ಲಿಷ್ ಓದ್ತೀರಾದರೆ ಜೆರೋಮ್ ಕೆ. ಜೆರೋಮ್ ಬರೆದ ‘ಥ್ರೀ ಮೆನ್ ಇನ್ ಎ ಬೋಟ್’. 1889ರದ್ದು. ಥೇಮ್ಸ್ ನದಿಯಲ್ಲಿ ದೋಣಿ ಹತ್ತಿದ ಮೂವರು ಗೆಳೆಯರ ಹತ್ತಿರ ಅನಾನಸ್ ಡಬ್ಬಿ ಇದೆ, ತೆರೆಯೋಕೆ ಏನೂ ಇಲ್ಲ. ಚಾಕು, ಕತ್ತರಿ, ಕಲ್ಲು, ಕೊನೆಗೆ ದೋಣಿಯ ಕಂಬದಿಂದಲೂ ಬಡಿದರೂ ಡಬ್ಬಿ ಜಪ್ಪಯ್ಯ ಅನ್ನಲ್ಲ! ಇಂಥ ಬಿಡಿ ಪ್ರಸಂಗಗಳೇ ತುಂಬಿರೋದರಿಂದ ನಾಲ್ಕು ದಿನ ಬಿಟ್ಟು ತೆಗೆದರೂ ಎಳೆ ತಪ್ಪಲ್ಲ.

ಯಾವುದನ್ನು ಮೊದಲು ಹಿಡಿದಿರಿ ಅಂತ ಖಂಡಿತ ತಿಳಿಸಿ.