ಸ್ಪೆಲಿಂಗ್ ಸ್ಪರ್ಧೆಯ ತಯಾರಿ: ಮೊದಲು ಪದದ ತವರು ತಿಳಿಯಲಿ

ಏಳನೇ ತರಗತಿಯ ಮಗಳು ಇಂಗ್ಲಿಷ್ ಸ್ಪೆಲಿಂಗ್ ಸ್ಪರ್ಧೆಗೆಂದು ದಿನವೂ ಕಠಿಣ ಪದಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡುತ್ತಾಳೆ, ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತಾಳೆ, ಏನು ಮಾಡಲಿ ಎಂದು ಕೇಳಿದ್ದೀರಿ. ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಮೆರಿಕದ ರಾಷ್ಟ್ರಮಟ್ಟದ ಸ್ಪೆಲಿಂಗ್ ಸ್ಪರ್ಧೆಯಾದ ಸ್ಕ್ರಿಪ್ಸ್‌ನಲ್ಲಿ ಮಕ್ಕಳು ಪದ ಕೇಳಿದೊಡನೆ ‘ಇದು ಯಾವ ಭಾಷೆಯಿಂದ ಬಂದದ್ದು?’ ಎಂದು ವಿಚಾರಿಸುತ್ತಾರೆ. ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ಕಾಲ ತಳ್ಳುವ ಉಪಾಯವೆಂದು ನೋಡುವವರಿಗೆ ಅನಿಸಬಹುದು, ಆದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ.

ಸಿ-ಎಚ್ ಜೋಡಿಯನ್ನೇ ನೋಡಿ. ಗ್ರೀಕ್ ಮೂಲದ ಪದದಲ್ಲಿ ಅದು ‘ಕ’: ಕೋರಸ್, ಆರ್ಕೈವ್. ಈಚಿನ ಶತಮಾನಗಳಲ್ಲಿ ಫ್ರೆಂಚ್‌ನಿಂದ ಬಂದದ್ದಾದರೆ ‘ಶ’: ಶೆಫ್, ಬ್ರೋಶರ್. ಹಳೆಯ ಇಂಗ್ಲಿಷಿನದೇ ಆದರೆ ‘ಚ’: ಚೈಲ್ಡ್, ಚಿನ್.

1999ರಲ್ಲಿ ಅದೇ ಸ್ಕ್ರಿಪ್ಸ್ ಸ್ಪರ್ಧೆಯನ್ನು ಭಾರತೀಯ ಮೂಲದ ಹುಡುಗಿ ನೂಪುರ್ ಲಾಲಾ ಗೆದ್ದದ್ದು ‘ಲಾಗರಿಯಾ’ (logorrhea) ಎಂಬ ಪದದಿಂದ. ಮಿತಿಯಿಲ್ಲದ ವಾಚಾಳಿತನ ಎಂದು ಅರ್ಥ. ಕೇಳುವುದಕ್ಕೆ ಒಂದೇ ‘ರ’, ಬರೆಯುವಾಗ ಎರಡು ಆರ್, ಬೆನ್ನಿಗೊಂದು ಎಚ್. ಗ್ರೀಕ್‌ನಲ್ಲಿ ‘ಲೋಗೋಸ್’ ಎಂದರೆ ಮಾತು, ಉಳಿದದ್ದು ಹರಿವು. ಡಯೇರಿಯಾದಲ್ಲಿ ಇರುವುದೂ ಅದೇ ಹರಿವು! ಮಕ್ಕಳು ಇದನ್ನು ಒಮ್ಮೆ ಕೇಳಿ ನಕ್ಕರೆ ಮತ್ತೆ ಮರೆಯುವುದಿಲ್ಲ. ಹೆಮರೇಜ್‌ನಲ್ಲಿ ಧಾತು ಬೇರೆ, ಒಡೆಯುವುದು ಎಂದು. ಆದರೂ ಅಲ್ಲಿಯೂ ಎರಡು ಆರ್, ಒಂದು ಎಚ್. ‘ರ’ಕಾರದಿಂದ ಶುರುವಾಗುವ ಗ್ರೀಕ್ ಪದ ಸಮಾಸದಲ್ಲಿ ಸ್ವರದ ನಂತರ ಬಂದು ಕುಳಿತರೆ ಆ ‘ರ’ ಇಮ್ಮಡಿಯಾಗುತ್ತದೆ. ನಮ್ಮ ಆದೇಶ ಸಂಧಿಯಲ್ಲಿ ಮಳೆಯ ಜೊತೆ ಸೇರಿದ ಕಾಲ ‘ಗಾಲ’ವಾಗುವ ಹಾಗೆ. ಸಂಧಿ ಕಲಿತ ಹುಡುಗಿಗೆ ಇದು ಹೊಸದೇನಲ್ಲ.

ಲ್ಯಾಟಿನ್ ಇನ್ನೂ ಸಲೀಸು. ಸಂಸ್ಕೃತಕ್ಕೂ ಲ್ಯಾಟಿನ್‌ಗೂ ಒಂದೇ ಬೇರು ಎಂದು ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದರು. ಕನ್ನಡದ ತತ್ಸಮ ಪದಗಳು ಗೊತ್ತಿದ್ದವರಿಗೆ ಅದರ ಲಾಭ ಪುಕ್ಕಟೆ. ಟ್ರೈಡೆಂಟ್ ಎಂದರೆ ತ್ರಿ-ದಂತವೇ. ಲ್ಯಾಟಿನ್‌ನ ‘ಪೆಡ್’ ನಮ್ಮ ಪಾದವೇ. ಆ ನಂಟು ಹಿಡಿದು ಹೊರಟರೆ, ಇಂಪೀಡ್ ಎಂದರೆ ಕಾಲಿಗೆ ತೊಡರು ಹಾಕುವುದು, ಎಕ್ಸ್‌ಪೆಡೈಟ್ ಎಂದರೆ ಆ ತೊಡರು ಬಿಡಿಸುವುದು. ಸೆಸ್ಕ್ವಿಪಿಡೇಲಿಯನ್ ಎಂದರೆ ಒಂದೂವರೆ ಅಡಿ ಉದ್ದದ್ದು. ಮಾರುದ್ದದ ಪದಗಳನ್ನು ರೋಮಿನ ಕವಿ ಹೊರೇಸ್ ಹಾಗೆ ಕರೆದಿದ್ದ. ಪೀಡಿಯಾಟ್ರಿಕ್ಸ್‌ನಲ್ಲಿ ಮಾತ್ರ ಪಾದ ಹುಡುಕಬೇಡಿ, ಅದು ಗ್ರೀಕ್ ಮಗು.

ವಾಟ್ಸ್ಆ್ಯಪ್ ವ್ಯುತ್ಪತ್ತಿಗಳಿಂದ ದೂರವಿರಿ. ನಾಲ್ಕು ದಿಕ್ಕುಗಳ ಮೊದಲಕ್ಷರ ಸೇರಿ ‘ನ್ಯೂಸ್’ ಆಯಿತು ಎಂಬುದು ಶುದ್ಧ ಬುರುಡೆ, ‘ನ್ಯೂ’ ಪದದ ಬಹುವಚನ ಅಷ್ಟೆ. ಡಗ್ಲಸ್ ಹಾರ್ಪರ್ ಕಟ್ಟಿದ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಉಚಿತವಾಗಿ ಸಿಗುತ್ತದೆ, ಅನುಮಾನ ಬಂದಾಗ ಅಲ್ಲಿ ನೋಡಿ.

ನೋಟ್‌ಪುಸ್ತಕದಲ್ಲಿ ಅಕಾರಾದಿ ಕ್ರಮ ಬೇಡ. ಒಂದು ಧಾತುವಿಗೆ ಒಂದು ಪುಟ ಇರಲಿ. ಓದುವಾಗ ಎದುರಾದ ಪದವನ್ನು, ಅದು ಬಂದ ವಾಕ್ಯದ ಸಮೇತ, ಅದರ ಪುಟಕ್ಕೆ ಸೇರಿಸಲಿ. ಇನ್ನೊಂದು ಮಾತು: ಪರೀಕ್ಷಿಸುವಾಗ ಪದವನ್ನು ನೀವೇ ಓದಿ ಹೇಳಬೇಡಿ, ಮೊಬೈಲ್ ನಿಘಂಟಿನ ಉಚ್ಚಾರಣೆ ಕೇಳಿಸಿ. ಬರೆದದ್ದನ್ನೆಲ್ಲ ಓದುವುದು ಕನ್ನಡಿಗರ ನಾಲಿಗೆಯ ರೂಢಿ. ಅಕ್ಷರ ಬಿಡಿಸಿ ಓದಿದರೆ ಸ್ಪೆಲಿಂಗನ್ನೇ ಹೇಳಿಕೊಟ್ಟಂತಾಗುತ್ತದೆ.