ಗುಬ್ಬಿಯಿಂದ ಆಗುಂಬೆಗೆ: ಮಳೆಗೆ ಹೆದರಿ ಪ್ರವಾಸ ಕೈಬಿಡಬೇಕೇ?

ಮಳೆಗೂ ಆಗುಂಬೆ ಘಾಟಿಯ ತಿರುವುಗಳಿಗೂ ಹೆದರಿ, ತಾಯಿಯವರೊಂದಿಗೆ ಗುಬ್ಬಿಯಿಂದ ಆಗುಂಬೆಗೆ ಹೋಗುವ ಪ್ರವಾಸವನ್ನು ಕೈಬಿಡಬೇಕೇ ಎಂದು ಕೇಳಿದ್ದೀರಿ. ನಿಮ್ಮ ಗೊಂದಲಕ್ಕೆ ಕಾರಣ ಬಹುಶಃ ಗುಬ್ಬಿಯ ಮಳೆಯ ಲೆಕ್ಕವನ್ನೇ ಆಗುಂಬೆಗೂ ಅನ್ವಯಿಸಿರುವುದು. ತುಮಕೂರು ಜಿಲ್ಲೆಗೆ ಸೆಪ್ಟೆಂಬರ್, ಅಕ್ಟೋಬರ್‌ಗಳೇ ಮುಖ್ಯ ಮಳೆಯ ತಿಂಗಳುಗಳಾದರೆ, ಮಲೆನಾಡಿನಲ್ಲಿ ಜುಲೈ ಹೊತ್ತಿಗೆ ತಾರಕಕ್ಕೇರುವ ಮಳೆ ಸೆಪ್ಟೆಂಬರ್ ಕೊನೆಗೆ ಬಹಳಷ್ಟು ಇಳಿದಿರುತ್ತದೆ. ಹಾಗಾಗಿ ತಾಯಿಯವರೊಂದಿಗಿನ ಪ್ರವಾಸವನ್ನು ಕೈಬಿಡದೆ ಅಕ್ಟೋಬರ್ ಮೊದಲ ವಾರಕ್ಕೆ ಸರಿಸಿದರೆ ಸಾಕು.

ಮೊದಲು ನೀವು ಹೋಗುವ ವರ್ಷದ ನವರಾತ್ರಿಯ ದಿನಾಂಕಗಳನ್ನು ನೋಡಿಕೊಳ್ಳಿ, ಏಕೆಂದರೆ ಆಗ ಹತ್ತಿರದ ಯಾತ್ರಾಸ್ಥಳ ಶೃಂಗೇರಿಯಲ್ಲಿ ಕೊಠಡಿ ಸಿಗುವುದು ಕಷ್ಟ. ಅನಂತರ ತೀರ್ಥಹಳ್ಳಿಯಲ್ಲಿ ಎರಡು ರಾತ್ರಿಗೆ ಕೊಠಡಿ ಕಾಯ್ದಿರಿಸಿ, ಬೆಳಗಿನ ಜಾವವೇ ಹೊರಟು ಅರಸೀಕೆರೆ, ಶಿವಮೊಗ್ಗ ಮಾರ್ಗವಾಗಿ ಹಗಲಿನಲ್ಲೇ ತಲುಪಿ. ತೀರ್ಥಹಳ್ಳಿ ಕಡೆಯಿಂದ ಬಂದರೆ ಆಗುಂಬೆ ಘಾಟಿಯ ನೆತ್ತಿಯಲ್ಲೇ ಸಿಗುವುದರಿಂದ, ನೀವು ಹೆದರಿರುವ ಆ ತಿರುವುಗಳನ್ನು ಇಳಿಯಬೇಕಾಗಿಯೇ ಇಲ್ಲ.

ಸುತ್ತಾಟವನ್ನು ಬೆಳಿಗ್ಗೆಯೇ ಮುಗಿಸಿ. ಆ ದಿನಗಳಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಆಗುಂಬೆ ಬಳಿಯ ಕುಂದಾದ್ರಿ ಬೆಟ್ಟಕ್ಕೆ ವಾಹನ ಬಹುತೇಕ ಮೇಲಿನವರೆಗೂ ಹೋಗುವುದರಿಂದ ತಾಯಿಯವರಿಗೆ ಅದೇ ಸೂಕ್ತವೆಂದು ನನ್ನ ಅಭಿಪ್ರಾಯ. ಆಗುಂಬೆಯ ಸೂರ್ಯಾಸ್ತವನ್ನೇ ನಂಬಿ ಯೋಜನೆ ಹಾಕಬೇಡಿ, ಮಂಜು ಸರಿಯುವುದೋ ಇಲ್ಲವೋ ಎಂದು ಮುಂಚಿತವಾಗಿ ಯಾರೂ ಹೇಳಲಾರರು.

ಇಂಬಳಗಳಂತೂ (ಕಾಡಿನ ಜಿಗಣೆಗಳು) ಇದ್ದೇ ಇರುತ್ತವೆ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಕಚ್ಚಿದ್ದನ್ನು ಎಳೆಯದೆ ಉಗುರಿನಿಂದ ಮೆಲ್ಲಗೆ ಜಾರಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ. ತಾಯಿಯವರು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಕಾಡಿನ ಕಾಲುದಾರಿಗೆ ಅವರನ್ನು ಕರೆದೊಯ್ಯಬೇಡಿ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದರೆ ಮಾತ್ರ ಪ್ರವಾಸವನ್ನು ಮುಂದೂಡಿ.