ನಮ್ಮ ಅಣ್ಣನ ಕಣ್ಣಿಗೆ ಪಿಡಿಟಿ (ಔಷಧಿ ಕೊಟ್ಟು ಬೆಳಕು ಬಿಡೋ ಚಿಕಿತ್ಸೆ) ಮಾಡಿಸಿದ್ಮೇಲೆ ದೃಷ್ಟಿ ಎಷ್ಟು ವಾಪಸ್ ಬರುತ್ತೆ ಅಂತ ಮೊದಲೇ ಹೇಳಕ್ಕಾಗುತ್ತಾ?

ಕರಾರುವಾಕ್ಕಾಗಿ ಆಗಲ್ಲ, ಆದ್ರೆ ಮುಂಚೆ ತೆಗೆದ ಓಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನ ತೋರಿಸೋ ಚಿತ್ರ) ನೋಡಿ ಒಳ್ಳೇ ಅಂದಾಜು ಮಾಡಬಹುದು. ಚಿಂತಾಮಣಿಲಿರೋ ನಿಮ್ಮ ಅಣ್ಣನಿಗೆ ಆಗಿರೋದು ಸಿಎಸ್‌ಸಿಆರ್ ಅಂತ ಬರ್ದಿದ್ದೀರ, ಅಂದ್ರೆ ಕಣ್ಣಿನ ಹಿಂದಿರೋ ರೆಟಿನಾ ಪರದೆ ಕೆಳಗೆ ನೀರು ಸೇರ್ಕೊಳ್ಳೋದು. ಪಿಡಿಟಿಲಿ ಕೈ ನರಕ್ಕೆ ವರ್ಟೆಪೋರ್ಫಿನ್ ಅನ್ನೋ ಔಷಧಿ ಕೊಟ್ಟು ಸೋರೋ ಜಾಗಕ್ಕೆ 689 ನ್ಯಾನೋಮೀಟರ್‌ನ ಕೆಂಪು ಬೆಳಕು ಬಿಡ್ತಾರೆ, ಮಾಮೂಲಿ ವಿಧಾನದಲ್ಲಿ 83 ಸೆಕೆಂಡ್ ಅಷ್ಟೇ, ಆಮೇಲೆ ಅಲ್ಲಿನ ರಕ್ತನಾಳ ಕುಗ್ಗಿ ಸೋರೋದು ಕಮ್ಮಿಯಾಗಿ ನೀರು ನಿಧಾನಕ್ಕೆ ಇಂಗುತ್ತೆ.

ಆದ್ರೆ ಈ ಬೆಳಕು ಸೋರಿಕೆ ನಿಲ್ಲಿಸುತ್ತೆ ಹೊರತು ಸತ್ತ ಜೀವಕೋಶಗಳನ್ನ ಬದುಕಿಸಲ್ಲ. ರಾಗಿ ಹೊಲದಲ್ಲಿ ನಿಂತ ನೀರು ಬೇಗ ಬಸಿದ್ರೆ ಪೈರು ಚೇತರಿಸ್ಕೊಳ್ಳುತ್ತೆ, ಬೇರು ಕೊಳೆತ್ಮೇಲೆ ಬಸಿದ್ರೆ ಇಲ್ಲ, ಹಾಗೇನೇ. ಅದಕ್ಕೇ ಡಾಕ್ಟ್ರು ಸ್ಕ್ಯಾನಲ್ಲಿ ಎಲಿಪ್ಸಾಯ್ಡ್ ಝೋನ್ ಅನ್ನೋ ಒಂದು ತೆಳು ಬಿಳಿ ಗೆರೆ ಹುಡುಕ್ತಾರೆ, ಬೆಳಕು ಹಿಡಿಯೋ ಕೋಶಗಳ ಆರೋಗ್ಯ ಅದ್ರಲ್ಲಿ ಕಾಣುತ್ತೆ. ಗೆರೆ ನಟ್ಟನಡುವೆ ತುಂಡಾಗಿಲ್ಲ, ನೀರು ಸೇರಿ ಜಾಸ್ತಿ ದಿನ ಆಗಿಲ್ಲ, ಈಗಿನ ದೃಷ್ಟಿನೂ ಪರವಾಗಿಲ್ಲ ಅಂದ್ರೆ ಚೆನ್ನಾಗೇ ವಾಪಸ್ ಬರೋ ಸಾಧ್ಯತೆ ಜಾಸ್ತಿ. ಗೆರೆ ಅಳಿಸಿ ಹೋಗಿದ್ರೆ ನೀರು ಪೂರ್ತಿ ಇಂಗಿದ್ರೂ ಮಸುಕು ಸ್ವಲ್ಪ ಉಳಿಯಬಹುದು.

ವಾರದಲ್ಲೇ ಸರಿ ಹೋಗ್ಲಿಲ್ಲ ಅಂತ ಗಾಬರಿ ಬೇಡ, ತಿಂಗಳುಗಳೇ ಬೇಕಾಗುತ್ತೆ. ಇನ್ನೊಂದು, ದಯವಿಟ್ಟು ಅಣ್ಣನ್ನ ಕೇಳಿ ನೋಡಿ, ಮಂಡಿನೋವು ಅಲರ್ಜಿ ಅಂತ ಮೆಡಿಕಲ್ ಶಾಪಿಂದ ನೇರವಾಗಿ ಸ್ಟಿರಾಯ್ಡ್ ಮಾತ್ರೆ, ಕ್ರೀಮ್ ಏನಾದ್ರೂ ತಗೋತಿದ್ದಾರಾ ಅಂತ, ಅದ್ರಿಂದ್ಲೂ ನೀರು ಮತ್ತೆ ಸೇರ್ಕೊಳ್ಳಬಹುದು, ಕಣ್ಣಿನ ಡಾಕ್ಟ್ರಿಗೆ ಹೇಳಲೇಬೇಕು.